ಪಟ್ಟಿಯ ಕೆಲವು ಸಾಲಿಗೆ ಮಾತ್ರ 'ರದ್ದು ಮಾಡಲೇ?' ಎಂದು ಕೇಳಬೇಕು: ಷರತ್ತು ಎಲ್ಲಿ ಬರೆಯೋದು?

ಕಾಫಿಕಣ, ಚಿಕ್ಕಮಗಳೂರು:

ಕಾಫಿ ಖರೀದಿ ಆಫೀಸಿಗೆ ತೂಕದ ಚೀಟಿಗಳ ಲೆಕ್ಕ ಇಡುವ ವೆಬ್ ಅಪ್ಲಿಕೇಶನ್. ಪಿಎಚ್‌ಪಿ 8.2, ಮೈಎಸ್‌ಕ್ಯೂಎಲ್, ಬ್ರೌಸರಿನ ಕಡೆ ಜೆಕ್ವೆರಿ ಮತ್ತು ಪಟ್ಟಿಯನ್ನು ಪುಟಪುಟವಾಗಿ ತೋರಿಸೋ ಡೇಟಾಟೇಬಲ್ಸ್. ಬೆಳೆಗಾರರು ತಂದ ಪಾರ್ಚ್‌ಮೆಂಟು, ಚೆರ್ರಿ ಯಾವುದಕ್ಕಾದರೂ ಲಾಟಿಗೊಂದು ಚೀಟಿ. ಪಟ್ಟಿಯಲ್ಲಿ ಪ್ರತಿ ಸಾಲಿನ ಕೊನೆಗೆ 'ರದ್ದು' ಅಂತ ಲಿಂಕ್, ವಿಳಾಸದಲ್ಲೇ ಚೀಟಿಯ ಐಡಿ. ಈಗ ಎಲ್ಲ ಸಾಲಿಗೂ ಕನ್ಫರ್ಮ್ ಬಾಕ್ಸ್ ಬರುತ್ತೆ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗೋ ಜನವರಿ ಹೊತ್ತಿಗೆ ಕಾಟದ ಮುಂದೆ ಸಾಲು ನಿಂತಿರುತ್ತೆ. ತಪ್ಪು ತೂಕದ ಚೀಟಿ ತೆಗೆದು ಹೊಸದು ಮಾಡೋ ಕೆಲಸ ಆಗಾಗ ಇದ್ದೇ ಇರುತ್ತೆ, ಹಾಗಾಗಿ ಯಾರೂ ಓದಲ್ಲ, ಎಂಟರ್ ಮೇಲೆ ಎಂಟರ್ ಒತ್ತುತ್ತಾರೆ.

ಕೇಳಬೇಕಾದ್ದು ಮೂರು ಸಂದರ್ಭದಲ್ಲಿ ಮಾತ್ರ. ಚೀಟಿಯ ಮೇಲೆ ಮುಂಗಡ ಹೋಗಿದ್ದರೆ, ಲಾಟು ಆಗಲೇ ಕ್ಯೂರಿಂಗಿಗೆ (ಸಿಪ್ಪೆ ತೆಗೆದು ದರ್ಜೆ ಮಾಡೋಕೆ) ಕಳಿಸಿದ ಲೋಡಿನಲ್ಲಿ ಸೇರಿದ್ದರೆ, ಅಥವಾ ಚೀಟಿ ಇವತ್ತಿನದಲ್ಲದಿದ್ದರೆ. ಉಳಿದದ್ದು ಒಂದೇ ಒತ್ತಿಗೆ ಹೋಗಲಿ.

ಮೊದಲೆರಡು ಷರತ್ತನ್ನು ಪಿಎಚ್‌ಪಿಯಲ್ಲಿ ನೋಡಿ, ಲಿಂಕಿನ ಆನ್‌ಕ್ಲಿಕ್ ಒಳಗೆ 'ರಿಟರ್ನ್ ಕನ್ಫರ್ಮ್' ಅಂತ ಬೆಳೆಗಾರರ ಹೆಸರಿನ ಸಮೇತ ಬರೆಸಿದೀನಿ. ದಿನಾಂಕದ್ದನ್ನು ಮಾತ್ರ ಜೆಕ್ವೆರಿ ಕ್ಲಿಕ್ ಹ್ಯಾಂಡ್ಲರಿನಲ್ಲಿ. ಈಗಿರೋ ತೊಂದರೆ ಇಷ್ಟು: ಮುಂಗಡ ಸೊನ್ನೆ ಇರುವ ಸಾಲಿಗೂ ಕೇಳುತ್ತೆ. ಕೆಲವೇ ಕೆಲವು ಬೆಳೆಗಾರರ ಸಾಲಿಗೆ ಕೇಳೋದೇ ಇಲ್ಲ, ನೇರ ರದ್ದು. ದಿನಾಂಕದ ಪ್ರಶ್ನೆ ಎರಡನೇ ಪುಟದಲ್ಲಿ ಬರ್ತಿರಲಿಲ್ಲ. ಹ್ಯಾಂಡ್ಲರನ್ನು ಡೇಟಾಟೇಬಲ್ಸಿನ ಡ್ರಾ ಕಾಲ್‌ಬ್ಯಾಕಿಗೆ ಹಾಕಿದ ಮೇಲೆ ಬರುತ್ತೆ, ಆದರೆ ಮೊದಲ ಪುಟಕ್ಕೆ ವಾಪಸ್ ಬಂದರೆ ಎರಡು ಸಲ ಕೇಳುತ್ತೆ. ತೋಟದಲ್ಲಿ ಬಳಸೋ ಆಂಡ್ರಾಯ್ಡ್ ಆ್ಯಪ್ ಇದೇ ಪುಟವನ್ನು ವೆಬ್‌ವ್ಯೂನಲ್ಲಿ (ಆ್ಯಪಿನೊಳಗಿನ ಬ್ರೌಸರ್) ತೋರಿಸುತ್ತೆ, ಅಲ್ಲಿ ಕೇಳಬೇಕಾದ ಸಾಲಿನ ಲಿಂಕ್ ಒತ್ತಿದರೆ ಏನೂ ಆಗಲ್ಲ. ಎಲ್ಲಿಂದ ಶುರು ಮಾಡಲಿ?


ಹೇಮಾವತಿ_ದಡ, ಹಾಸನ:

ನಾಲ್ಕೂ ಬೇರೆ ಬೇರೆ ರೋಗ, ಒಂದಕ್ಕೊಂದು ಸಂಬಂಧ ಇಲ್ಲ.

ಸೊನ್ನೆ ಮುಂಗಡದ್ದು ಪಿಎಚ್‌ಪಿ ಕಡೆಯದು. ಕಾಲಮ್ ಡೆಸಿಮಲ್ ಇರಬೇಕು ನಿಮ್ಮದು. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಓದೋ ಸಾಧನ) ಡೆಸಿಮಲ್ ಮೌಲ್ಯವನ್ನು ಸ್ಟ್ರಿಂಗ್ ಆಗಿ ಕೊಡುತ್ತೆ, ಕೈಗೆ ಬರೋದು '0.00'. ಪಿಎಚ್‌ಪಿಯಲ್ಲಿ ಸುಳ್ಳು ಅನ್ನಿಸಿಕೊಳ್ಳುವ ಸ್ಟ್ರಿಂಗು ಎರಡೇ, ಖಾಲಿಯದು ಮತ್ತು '0'. '0.00' ನಿಜ. ಬರೀ ಇಫ್ ಒಳಗೆ ಕಾಲಮ್ಮಿನ ಹೆಸರು ಹಾಕಿದರೆ ಎಲ್ಲ ಸಾಲೂ ಪಾಸಾಗುತ್ತೆ. ಸೊನ್ನೆಗಿಂತ ಹೆಚ್ಚೇ ಅಂತ ಹೋಲಿಸಿ ನೋಡಿ. ಮುಂದೆ ಇದನ್ನೇ ಡೇಟಾ ಆಟ್ರಿಬ್ಯೂಟಿನಲ್ಲಿ (ಎಚ್‌ಟಿಎಂಎಲ್ ಟ್ಯಾಗಿಗೆ ನಾವೇ ಅಂಟಿಸೋ ಮಾಹಿತಿ) ಕಳಿಸೋಕೆ ಹೊರಟರೆ ಇನ್ನೊಂದು ಗುಂಡಿ ಇದೆ: ಡೇಟಾಸೆಟ್‌ನಿಂದ ಓದಿದ್ದೆಲ್ಲ ಸ್ಟ್ರಿಂಗೇ, ಜಾವಾಸ್ಕ್ರಿಪ್ಟಿನಲ್ಲಿ '0' ಅನ್ನೋ ಸ್ಟ್ರಿಂಗೂ ನಿಜ, 'ಫಾಲ್ಸ್' ಅನ್ನೋ ಸ್ಟ್ರಿಂಗೂ ನಿಜ. ಜೆಕ್ವೆರಿಯ ಡೇಟಾ ಮೆಥಡ್ 'ಫಾಲ್ಸ್' ಅನ್ನು ಬೂಲಿಯನ್ ಮಾಡಿ ಕೊಡುತ್ತೆ, ಸರಿ, ಆದರೆ ಒಮ್ಮೆ ಓದಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತೆ. ಆಮೇಲೆ ಆಟ್ರಿಬ್ಯೂಟ್ ಬದಲಾಯಿಸಿದರೂ ಹಳೇ ಮೌಲ್ಯವೇ ಸಿಗುತ್ತೆ. ಹಾಗಾಗಿ ಕೇಳೋದು ಬೇಡವಾದ ಸಾಲಿಗೆ ಆಟ್ರಿಬ್ಯೂಟೇ ಬರೆಯಬೇಡಿ. ಇದೆಯೋ ಇಲ್ಲವೋ ಅನ್ನೋದೇ ಷರತ್ತು ಆಗಲಿ, ಒಳಗಿರೋದು ಸಂದೇಶ ಆಗಲಿ. ರೈಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಬಳಸೋರಿಗೂ ಇದೇ ಮಾತು: ಅಲ್ಲಿ ನಿಲ್ ಕೊಟ್ಟರೆ ಡೇಟಾ ಆಟ್ರಿಬ್ಯೂಟ್ ಬರಲ್ಲ, ಫಾಲ್ಸ್ ಕೊಟ್ಟರೆ ಅದು ಸ್ಟ್ರಿಂಗ್ ಆಗಿ ಬಂದು 'ಫಾಲ್ಸ್' ಅಂತಲೇ ಒಂದು ಬಾಕ್ಸ್ ಏಳುತ್ತೆ.

ಕೆಲವೇ ಬೆಳೆಗಾರರು ಅಂದಿರಲ್ಲ, ಅವರ ಹೆಸರನ್ನು ಇಂಗ್ಲಿಷಿನಲ್ಲಿ ನೋಡಿ. ಡಿ'ಸೋಜಾ, ಡಿ'ಸಿಲ್ವಾ ಥರದ್ದು ಇರುತ್ತೆ. ಆ ಅಪಾಸ್ಟ್ರಫಿ ಜಾವಾಸ್ಕ್ರಿಪ್ಟ್ ಸ್ಟ್ರಿಂಗನ್ನು ಅಲ್ಲೇ ಮುಚ್ಚಿಬಿಡುತ್ತೆ, ಮಿಕ್ಕಿದ್ದು ಸಿಂಟ್ಯಾಕ್ಸ್ ಎರರ್. ಆನ್‌ಕ್ಲಿಕ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಇದ್ದರೆ ಬ್ರೌಸರಿಗೆ ಅಲ್ಲಿ ಹ್ಯಾಂಡ್ಲರೇ ಇಲ್ಲ, ಲಿಂಕ್ ಮಾತ್ರ ಇದೆ. ಲಿಂಕ್ ತನ್ನ ಕೆಲಸ ಮಾಡುತ್ತೆ. ಎಚ್‌ಟಿಎಂಎಲ್ ಸ್ಪೆಷಲ್‌ಕ್ಯಾರ್ಸ್ ಹಾಕಿದೀನಲ್ಲ ಅಂತೀರಿ. 8.1ರಿಂದ ಅದು ಒಂಟಿ ಕೋಟನ್ನೂ ತಾನಾಗೇ ಎಸ್ಕೇಪ್ ಮಾಡುತ್ತೆ ಅನ್ನೋದು ನಿಜ. ಆದರೆ ಆನ್‌ಕ್ಲಿಕ್ ಒಳಗೆ ಪ್ರಯೋಜನ ಇಲ್ಲ. ಬ್ರೌಸರ್ ಮೊದಲು ಆಟ್ರಿಬ್ಯೂಟಿನ ಎಂಟಿಟಿಗಳನ್ನು ಬಿಡಿಸಿ, ಆಮೇಲೆ ಜಾವಾಸ್ಕ್ರಿಪ್ಟಿಗೆ ಕೊಡುತ್ತೆ, ಅಷ್ಟರಲ್ಲಿ ಕೋಟು ವಾಪಸ್ ಕೋಟೇ ಆಗಿರುತ್ತೆ. ಹೆಸರನ್ನು ಡೇಟಾ ಆಟ್ರಿಬ್ಯೂಟಿಗೆ ಸಾಗಿಸಿದರೆ ಅದೇ ಫಂಕ್ಷನ್ ಸಾಕು. ಇನ್ನೊಂದು ಕಾರಣಕ್ಕೂ ಆನ್‌ಕ್ಲಿಕ್ ಬಿಡಿ: ನಾಳೆ ಯಾರಾದರೂ ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ ಹಾಕಿ ಇನ್‌ಲೈನ್ ಸ್ಕ್ರಿಪ್ಟ್ ನಿಲ್ಲಿಸಿದರೆ, ಆ ದಿನದಿಂದ ಯಾವ ಸಾಲಿಗೂ ಕೇಳಲ್ಲ, ಎಲ್ಲವೂ ನೇರ ರದ್ದು.

ಪುಟ ಬದಲಾದಾಗಿನ ತೊಂದರೆ: ಡೇಟಾಟೇಬಲ್ಸ್ ಈಗ ಕಾಣುತ್ತಿರೋ ಪುಟದ ಸಾಲನ್ನು ಮಾತ್ರ ಡಾಮ್‌ನಲ್ಲಿ (ಬ್ರೌಸರ್ ಹಿಡಿದಿರೋ ಪುಟದ ರಚನೆ) ಇಡುತ್ತೆ, ಉಳಿದವನ್ನು ಹೊರಗೆ ತೆಗೆದು ಇಟ್ಟುಕೊಂಡಿರುತ್ತೆ. ಎಸೆದಿರಲ್ಲ. ಅದಕ್ಕೇ ಮೊದಲ ಪುಟಕ್ಕೆ ಮರಳಿದಾಗ ಅದೇ ಹಳೆಯ ಲಿಂಕಿನ ಮೇಲೆ ನಿಮ್ಮ ಡ್ರಾ ಕಾಲ್‌ಬ್ಯಾಕ್ ಎರಡನೇ ಹ್ಯಾಂಡ್ಲರ್ ಕೂರಿಸುತ್ತೆ. ಮತ್ತೆ ಹೋಗಿ ಬಂದರೆ ಮೂರು. ಒಂದೇ ಹ್ಯಾಂಡ್ಲರನ್ನು ಡಾಕ್ಯುಮೆಂಟ್ ಮೇಲೆ ಹಾಕಿ, ಒಳಗೆ ಈವೆಂಟಿನ ಟಾರ್ಗೆಟಿನಿಂದ 'ಕ್ಲೋಸೆಸ್ಟ್' ಬಳಸಿ ಆ ಆಟ್ರಿಬ್ಯೂಟ್ ಇರುವ ಲಿಂಕನ್ನು ಹುಡುಕಿ. ಕ್ಲೋಸೆಸ್ಟ್ ಬಿಟ್ಟು ಟಾರ್ಗೆಟನ್ನೇ ನೋಡಿದರೆ, ಲಿಂಕಿನೊಳಗೆ ಕಸದಬುಟ್ಟಿಯ ಐಕಾನ್ ಇದ್ದಾಗ ಟಾರ್ಗೆಟ್ ಐಕಾನ್ ಆಗಿರುತ್ತೆ, ಅಂಚಿಗೆ ಒತ್ತಿದರೆ ಕೇಳುತ್ತೆ, ಮಧ್ಯಕ್ಕೆ ಒತ್ತಿದರೆ ಇಲ್ಲ. ಆಡ್‌ಈವೆಂಟ್‌ಲಿಸನರ್ ಹಾಕಿದ್ದರೆ 'ರಿಟರ್ನ್ ಫಾಲ್ಸ್' ಏನೂ ತಡೆಯಲ್ಲ, ಪ್ರಿವೆಂಟ್‌ಡೀಫಾಲ್ಟ್ ಕರೆಯಲೇಬೇಕು. ಅದೇ ಲಿಂಕಿನ ಮೇಲೆ ಬೇರೆ ಏಜಾಕ್ಸ್ ಹ್ಯಾಂಡ್ಲರ್ ಇದ್ದರೆ ಪ್ರಿವೆಂಟ್‌ಡೀಫಾಲ್ಟ್ ಅದನ್ನು ನಿಲ್ಲಿಸಲ್ಲ. ಆಗ ನಿಮ್ಮದನ್ನು ಕ್ಯಾಪ್ಚರ್ ಹಂತದಲ್ಲಿ (ಈವೆಂಟ್ ಲಿಂಕಿಗೆ ತಲುಪೋ ಮುಂಚೆ) ಕೇಳಿಸಿಕೊಂಡು ಸ್ಟಾಪ್‌ಇಮ್ಮೀಡಿಯೆಟ್‌ಪ್ರಾಪಗೇಶನ್ ಕೂಡ ಹಾಕಬೇಕು.

ವೆಬ್‌ವ್ಯೂ: ಆ್ಯಪಿನಲ್ಲಿ ವೆಬ್‌ಕ್ರೋಮ್‌ಕ್ಲಯಂಟ್ ಹೊಂದಿಸಿಲ್ಲ. ಅದು ಇಲ್ಲದಿದ್ದರೆ ಕನ್ಫರ್ಮ್ ಬಾಕ್ಸ್ ತೋರಿಸದೇ ತಕ್ಷಣ ಫಾಲ್ಸ್ ಮರಳುತ್ತೆ. ಆ್ಯಪ್ ಮಾಡಿದವರಿಗೆ ಒಂದು ಸಾಲಿನ ಕೆಲಸ. ಇದೇ ಲಕ್ಷಣ ಕಂಪ್ಯೂಟರಿನಲ್ಲೂ ಬರುತ್ತೆ, ಹೆದರಬೇಡಿ: ಒಂದಾದ ಮೇಲೊಂದು ಬಾಕ್ಸ್ ಬಂದಾಗ 'ಈ ಪುಟ ಇನ್ನು ಡೈಲಾಗ್ ತೋರಿಸದಿರಲಿ' ಅಂತ ಬ್ರೌಸರ್ ಟಿಕ್ ಕೊಡುತ್ತೆ, ಯಾರೋ ಅದನ್ನು ಒತ್ತಿರುತ್ತಾರೆ. ಸ್ಯಾಂಡ್‌ಬಾಕ್ಸ್ ಮಾಡಿದ ಐಫ್ರೇಮಿಗೆ ಮೋಡಲ್ ಅನುಮತಿ ಕೊಡದಿದ್ದರೂ ಹೀಗೇ.


ಬಿಸಿಲೆಘಾಟಿ, ಸಕಲೇಶಪುರ:

ಮೇಲಿನ ಉತ್ತರ ಪೂರ್ತಿ ಸರಿ, ಆದರೆ ಅದೆಲ್ಲ ಮಾಡಿ ಮುಗಿಸಿದರೂ ದೊಡ್ಡ ತೂತು ಹಾಗೇ ಉಳಿಯುತ್ತೆ. ರದ್ದು ಮಾಡೋದು ಲಿಂಕ್ ಆಗಿರಲೇಬಾರದು.

ಲಿಂಕ್ ಒತ್ತಿದರೆ ಸರ್ವರಿಗೆ ಹೋಗೋದು ಗೆಟ್ ವಿನಂತಿ. ಎಚ್‌ಟಿಟಿಪಿ ಪ್ರಕಾರ ಗೆಟ್ 'ಸುರಕ್ಷಿತ' ವಿಧಾನ, ಅಂದರೆ ಅದನ್ನು ಕೇಳಿದ್ದರಿಂದ ಸರ್ವರಿನಲ್ಲಿ ಏನೂ ಬದಲಾಗಬಾರದು, 2022ರ ಮಾನದಂಡ ದಾಖಲೆ ಆರ್‌ಎಫ್‌ಸಿ 9110ರಲ್ಲೂ ಅದೇ ಇದೆ. ಈ ನಂಬಿಕೆಯ ಮೇಲೆ ಬ್ರೌಸರುಗಳು, ಲೈಬ್ರರಿಗಳು ಲಿಂಕನ್ನು ಯಾರೂ ಒತ್ತದೆಯೇ ತರಿಸಿಕೊಳ್ಳುತ್ತವೆ. 2005ರಲ್ಲಿ ಗೂಗಲ್ ವೆಬ್ ಆಕ್ಸಿಲರೇಟರ್ ಬಂದಾಗ ಆಗಿದ್ದು ಇದೇ. ಪುಟದಲ್ಲಿರೋ ಲಿಂಕುಗಳನ್ನು ಮುಂಚೆಯೇ ತಂದಿಡೋಕೆ ಹೋಗಿ, ಹಲವು ವೆಬ್ ಅಪ್ಲಿಕೇಶನ್ನುಗಳಲ್ಲಿ 'ಅಳಿಸು' ಲಿಂಕುಗಳನ್ನೂ ಕರೆದುಬಿಟ್ಟಿತು. ಕನ್ಫರ್ಮ್ ಬಾಕ್ಸ್ ಇದ್ದರೂ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಅದು ಜಾವಾಸ್ಕ್ರಿಪ್ಟ್, ವಿಳಾಸವನ್ನು ನೇರ ಕರೆಯುವವರಿಗೆ ಅದು ಕಾಣೋದೇ ಇಲ್ಲ. ಹಳೇ ಕಥೆ ಅನ್ನಬೇಡಿ; ಟರ್ಬೊ (ರೈಲ್ಸ್ ಜೊತೆ ಬರೋ ಜಾವಾಸ್ಕ್ರಿಪ್ಟ್ ಲೈಬ್ರರಿ) 8ನೇ ಆವೃತ್ತಿಯಿಂದ ಮೌಸನ್ನು ಲಿಂಕಿನ ಮೇಲೆ ತಂದರೆ ಸಾಕು, ಪುಟ ಮುಂಚೆಯೇ ತರಿಸಿಕೊಳ್ಳುತ್ತೆ. ಕೇಳದೇ ರದ್ದು ಮಾಡೋ ನಿಮ್ಮ ಬರೀ ಲಿಂಕ್ ಅಲ್ಲಿದ್ದಿದ್ದರೆ ಗತಿ ಏನು ನೋಡಿ.

ಇನ್ನು ನೀವೇ ಈಗ ಪರೀಕ್ಷೆ ಮಾಡಬಹುದಾದ್ದು: ಕೇಳಬೇಕಾದ ಸಾಲಿನ ಲಿಂಕನ್ನು ಮೌಸಿನ ಮಧ್ಯದ ಚಕ್ರದಿಂದ ಒತ್ತಿ. ಈಗಿನ ಬ್ರೌಸರುಗಳಲ್ಲಿ ಅದಕ್ಕೆ ಕ್ಲಿಕ್ ಈವೆಂಟ್ ಬರಲ್ಲ, ಆಕ್ಸ್‌ಕ್ಲಿಕ್ ಬರುತ್ತೆ. ಹೊಸ ಟ್ಯಾಬ್ ತೆರೆಯುತ್ತೆ, ಚೀಟಿ ರದ್ದಾಗುತ್ತೆ. ಬಲ ಒತ್ತಿ 'ಹೊಸ ಟ್ಯಾಬಿನಲ್ಲಿ ತೆರೆ' ಅಂದರೂ, ಫೋನಿನಲ್ಲಿ ಒತ್ತಿ ಹಿಡಿದರೂ ಅಷ್ಟೇ. ಆ ವಿಳಾಸವನ್ನು ಯಾರಾದರೂ ವಾಟ್ಸಾಪಿಗೆ ಹಾಕಿ, ಲಾಗಿನ್ ಆಗಿರೋ ಗುಮಾಸ್ತರು ಅದನ್ನು ಬ್ರೌಸರಿನಲ್ಲಿ ತೆರೆದರೂ ರದ್ದೇ. ಲಾಗಿನ್ ಕುಕಿಗೆ ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟಿನಿಂದ ಬಂದ ವಿನಂತಿಗೆ ಕುಕಿ ಹೋಗೋದನ್ನು ಮಿತಿಗೊಳಿಸೋ ಗುರುತು) ಹಾಕಿದ್ದರೂ ಇದನ್ನು ತಡೆಯಲ್ಲ, ಹೊರಗಿನಿಂದ ಬರುವ ಸಾದಾ ಲಿಂಕಿಗೆ ಲ್ಯಾಕ್ಸ್ ಕುಕಿ ಜೊತೆಗೇ ಹೋಗುತ್ತೆ.

ಪೋಸ್ಟ್ (ಫಾರ್ಮ್ ಕಳಿಸೋ ವಿಧಾನ) ಮಾಡಿ, ಸಿಎಸ್‌ಆರ್‌ಎಫ್ ಟೋಕನ್ (ವಿನಂತಿ ನಿಮ್ಮ ಪುಟದಿಂದಲೇ ಬಂತು ಅನ್ನೋ ಗುಟ್ಟಿನ ಗುರುತು) ಹಾಕಿ, ರದ್ದು ಆದ ಮೇಲೆ 303 ('ಬೇರೆ ಪುಟಕ್ಕೆ ಹೋಗು' ಅನ್ನೋ ಉತ್ತರ) ಕೊಟ್ಟು ಪಟ್ಟಿಗೆ ಕಳಿಸಿ. ಆಗ ಎಫ್5 ಒತ್ತಿದರೆ ಮತ್ತೆ ಕಳಿಸಲ್ಲ.


ಕಾಫಿಕಣ, ಚಿಕ್ಕಮಗಳೂರು:

ಇಬ್ಬರಿಗೂ ಧನ್ಯವಾದ. ಹೆಸರು ಅಪಾಸ್ಟ್ರಫಿಯದ್ದೇ, ಮುಂಗಡದ ಕಾಲಮ್ ಡೆಸಿಮಲ್ಲೇ. ಮಧ್ಯದ ಚಕ್ರದ್ದು ಪರೀಕ್ಷಾ ಡೇಟಾಬೇಸಿನಲ್ಲಿ ನೋಡಿದೆ, ಹೇಳಿದ ಹಾಗೇ ಆಯ್ತು.

ಪೋಸ್ಟಿಗೆ ಹೋಗೋಕೆ ತಡೆ ಏನೆಂದರೆ, ಇಡೀ ಟೇಬಲ್ಲು ಆಗಲೇ ಒಂದು ಫಾರ್ಮಿನೊಳಗಿದೆ, ಟಿಕ್ ಹಾಕಿದ ಚೀಟಿಗಳನ್ನೆಲ್ಲ ಸೇರಿಸಿ ಬಿಲ್ ಮಾಡೋಕೆ. ಫಾರ್ಮಿನೊಳಗೆ ಫಾರ್ಮ್ ಇಡೋ ಹಾಗಿಲ್ಲವಲ್ಲ. ಮತ್ತೆ ಸಾಲಿಗೊಂದು ಫಾರ್ಮು, ಒಂದೊಂದರಲ್ಲೂ ಟೋಕನ್ನು ಅಂದರೆ ಪುಟ ಭಾರ.


ಬಿಸಿಲೆಘಾಟಿ, ಸಕಲೇಶಪುರ:

ಸಾಲಿಗೊಂದು ಬೇಡ, ಪುಟಕ್ಕೆ ಒಂದು ಸಾಕು. ಟೇಬಲ್ಲಿನ ಹೊರಗೆ, ಬಿಲ್ ಫಾರ್ಮಿನ ಕೆಳಗೆ, ಬೇರೆ ಖಾಲಿ ಫಾರ್ಮ್ ಇಡಿ. ಅದರೊಳಗೆ ಟೋಕನ್ ಮಾತ್ರ, ಐಡಿ 'ರದ್ದುಫಾರ್ಮ್' ಅಂತಿರಲಿ. ಸಾಲಿನಲ್ಲಿ ಲಿಂಕಿನ ಬದಲು ಸಬ್ಮಿಟ್ ಬಟನ್. ಅದರ 'ಫಾರ್ಮ್' ಆಟ್ರಿಬ್ಯೂಟಿಗೆ ಆ ಐಡಿ, ನೇಮ್ 'ಚೀಟಿ', ವ್ಯಾಲ್ಯೂ ಚೀಟಿಯ ನಂಬರು. ಬಟನ್ ಕೂತಿರೋದು ಬಿಲ್ ಫಾರ್ಮಿನೊಳಗಾದರೂ ಅದು ಸೇರೋದು ರದ್ದುಫಾರ್ಮಿಗೆ. ಯಾವ ಬಟನ್ ಒತ್ತಿದರೋ ಅದರ ನೇಮ್, ವ್ಯಾಲ್ಯೂ ಮಾತ್ರ ಸರ್ವರಿಗೆ ಹೋಗುತ್ತೆ. ನೋಡೋಕೆ ಲಿಂಕಿನ ಹಾಗೇ ಬೇಕೆಂದರೆ ಸಿಎಸ್‌ಎಸ್‌ನಲ್ಲಿ ಬಾರ್ಡರ್, ಹಿನ್ನೆಲೆ ತೆಗೆದುಬಿಡಿ.

ಕ್ಲಿಕ್ ಬದಲು ರದ್ದುಫಾರ್ಮಿನ ಸಬ್ಮಿಟ್ ಈವೆಂಟ್ ಕೇಳಿಸಿಕೊಳ್ಳಿ. ಈವೆಂಟಿನ 'ಸಬ್ಮಿಟರ್' ಅಂದರೆ ಒತ್ತಿದ ಬಟನ್, ಅದರಲ್ಲಿ ಸಂದೇಶದ ಆಟ್ರಿಬ್ಯೂಟ್ ಇದ್ದರೆ ಕೇಳಿ, ಇಲ್ಲದಿದ್ದರೆ ಬಿಡಿ. ಸಾಲುಗಳ ಮೇಲೆ ಹ್ಯಾಂಡ್ಲರೇ ಇಲ್ಲ, ಪುಟ ಬದಲಾಯಿಸೋ ತೊಂದರೆ, ಐಕಾನಿನ ತೊಂದರೆ ಎರಡೂ ತಾನಾಗೇ ಹೋಯ್ತು.


ಭದ್ರಾ_ಬ್ಯಾಕೆಂಡ್, ತರೀಕೆರೆ:

ಇದುವರೆಗಿನ ಮಾತೆಲ್ಲ ಬಾಕ್ಸ್ ಹೇಗೆ ತೋರಿಸೋದು ಅನ್ನೋದರ ಬಗ್ಗೆ. ತಲೆಬರಹದಲ್ಲಿ ಕೇಳಿರೋದು ಷರತ್ತು ಎಲ್ಲಿ ಅಂತ. ಸರ್ವರಿನಲ್ಲಿ, ರದ್ದು ಮಾಡೋ ಅದೇ ಟ್ರಾನ್ಸಾಕ್ಷನ್ನಿನ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನೋ ಡೇಟಾಬೇಸ್ ಕೆಲಸ) ಒಳಗೆ. ಪುಟದಲ್ಲಿ ಇರೋದು ಅದರ ನೆರಳು.

ಪಟ್ಟಿ ಬೆಳಿಗ್ಗೆ ಹತ್ತಕ್ಕೆ ತೆರೆದದ್ದು ಅನ್ನಿ. ಆಗ ಚೀಟಿಗೆ ಮುಂಗಡ ಇಲ್ಲ, ಆಟ್ರಿಬ್ಯೂಟ್ ಇಲ್ಲ. ಹತ್ತೂವರೆಗೆ ಪಕ್ಕದ ಟೇಬಲ್ಲಿನಲ್ಲಿ ಮುಂಗಡ ಕೊಟ್ಟರು. ಹನ್ನೊಂದಕ್ಕೆ ಇವರು ಹಳೇ ಪಟ್ಟಿಯಲ್ಲೇ ರದ್ದು ಒತ್ತಿದರೆ ಯಾವ ಪ್ರಶ್ನೆಯೂ ಇಲ್ಲದೇ ದುಡ್ಡು ಹೋದ ಚೀಟಿ ಮಾಯ. ಇದು ಬ್ರೌಸರಿನಲ್ಲಿ ಎಷ್ಟು ಬರೆದರೂ ಸರಿಹೋಗಲ್ಲ.

ಹೀಗೆ ಮಾಡಿ. ಒಂದು ಫಂಕ್ಷನ್ ಬರೆಯಿರಿ, ಚೀಟಿ ಕೊಟ್ಟರೆ 'ಕಾರಣಗಳ' ಪಟ್ಟಿ ಕೊಡಬೇಕು: ಮುಂಗಡ, ಹಳೆಯ ದಿನ, ಹೀಗೆ. ಪಟ್ಟಿಯ ಪುಟ ಆಟ್ರಿಬ್ಯೂಟ್ ಬರೆಯೋಕೂ ಅದನ್ನೇ ಕರೆಯಲಿ, ರದ್ದು ಮಾಡೋ ಕೋಡೂ ಅದನ್ನೇ ಕರೆಯಲಿ. ಎರಡು ಕಡೆ ಬೇರೆ ಬೇರೆ ಇಫ್ ಬರೆದರೆ ಆರು ತಿಂಗಳಲ್ಲಿ ಎರಡಕ್ಕೂ ತಾಳ ತಪ್ಪುತ್ತೆ. ರದ್ದಿನ ಪೋಸ್ಟ್ ಬಂದಾಗ ಚೀಟಿಯ ಸಾಲನ್ನು 'ಫಾರ್ ಅಪ್‌ಡೇಟ್' (ಬೇರೆಯವರು ಬದಲಾಯಿಸದ ಹಾಗೆ ಸಾಲಿಗೆ ಲಾಕ್) ಹಾಕಿ ಓದಿ, ಕಾರಣಗಳನ್ನು ಹೊಸದಾಗಿ ಲೆಕ್ಕ ಹಾಕಿ. ಖಾಲಿ ಬಂದರೆ ರದ್ದು ಮಾಡಿ ಮುಗಿಸಿ. ಕಾರಣ ಇದ್ದು, ಅವೆಲ್ಲವನ್ನೂ ಒಪ್ಪಿದ್ದೇನೆ ಅಂತ ಪೋಸ್ಟಿನಲ್ಲೇ ಬಂದಿದ್ದರೆ ಆಗಲೂ ರದ್ದು. ಒಪ್ಪದ ಕಾರಣ ಒಂದಾದರೂ ಇದ್ದರೆ ರದ್ದು ಮಾಡದೇ, ಕಾರಣಗಳನ್ನು ಬರೆದ ಖಚಿತಪಡಿಸುವ ಪುಟವನ್ನು 409 ('ಈಗಿನ ಸ್ಥಿತಿಗೆ ಹೊಂದಲ್ಲ' ಅನ್ನೋ) ಸ್ಟೇಟಸ್ಸಿನೊಂದಿಗೆ ಕೊಡಿ. ಅದರಲ್ಲಿ ಅದೇ ಫಾರ್ಮು, ಒಪ್ಪಿದ ಕಾರಣಗಳು ಹಿಡನ್ ಫೀಲ್ಡಿನಲ್ಲಿ. ಬರೀ 'ಒಪ್ಪಿದೆ = 1' ಅಂತ ಕಳಿಸಬೇಡಿ; ಹಳೇ ದಿನಾಂಕಕ್ಕೆ ಒಪ್ಪಿದವರು, ಆಮೇಲೆ ಬಂದ ಮುಂಗಡಕ್ಕೂ ಒಪ್ಪಿದ ಹಾಗಾಗುತ್ತೆ.

ಲಾಕ್ ಬೇಡ, ಆವೃತ್ತಿ ಕಾಲಮ್ ಇಡ್ತೀನಿ ಅಂದರೂ ನಡೆಯುತ್ತೆ: ಐಡಿ ಇದೇ, ಆವೃತ್ತಿ ಫಾರ್ಮಿನಲ್ಲಿ ಬಂದದ್ದೇ ಆಗಿದ್ದರೆ ಮಾತ್ರ ಅಪ್‌ಡೇಟ್, ಜೊತೆಗೆ ಆವೃತ್ತಿ ಒಂದು ಹೆಚ್ಚಿಸಿ, ಎಷ್ಟು ಸಾಲು ಬದಲಾಯ್ತು ಅಂತ ನೋಡಿ, ಸೊನ್ನೆ ಆದರೆ ನಡುವೆ ಬೇರೆಯವರು ಕೈಹಾಕಿದಾರೆ. ಆದರೆ ನಿಮ್ಮ ಮುಂಗಡ ಬೇರೆ ಟೇಬಲ್ಲಿನಲ್ಲಿದ್ದರೆ, ಮುಂಗಡ ಕೊಡೋ ಕೋಡು ಕೂಡ ಚೀಟಿಯ ಆವೃತ್ತಿ ಏರಿಸಬೇಕು. ಅದು ಮರೆತರೆ ಆವೃತ್ತಿ ಕಾಲಮ್ ಇದ್ದೂ ಇಲ್ಲ. ಲಾಕ್ ಹಾಕೋದಾದರೂ ಹಾಗೇ, ಮುಂಗಡದ ಕೋಡೂ ಮೊದಲು ಚೀಟಿಯ ಸಾಲನ್ನೇ ಲಾಕ್ ಮಾಡಬೇಕು.

ಇಷ್ಟಾದರೆ ಜಾವಾಸ್ಕ್ರಿಪ್ಟ್ ಒಂದಕ್ಷರ ಇಲ್ಲದೆಯೂ ವೆಬ್‌ವ್ಯೂ ಸಮೇತ ಎಲ್ಲ ಕಡೆ ಕೆಲಸ ನಡೆಯುತ್ತೆ. ಮೊದಲು ಇಲ್ಲಿಯವರೆಗೆ ಮುಗಿಸಿ. ಬಾಕ್ಸು ಒಂದು ಪುಟದ ಓಡಾಟ ಉಳಿಸೋಕೆ ಮಾತ್ರ, ನಿಧಾನಕ್ಕೆ ಹಾಕಿಕೊಳ್ಳಬಹುದು.

ಎರಡು ಮಾತು ನಿಮ್ಮ ಷರತ್ತುಗಳ ಬಗ್ಗೆಯೇ. 'ಇವತ್ತಿನದಲ್ಲ' ಅನ್ನೋದನ್ನು ಬ್ರೌಸರಿನಲ್ಲಿ ಐಎಸ್‌ಒ ಸ್ಟ್ರಿಂಗ್ ಮಾಡಿ ಹೋಲಿಸಿದ್ದರೆ ಅದು ಯುಟಿಸಿ (ಜಾಗತಿಕ ಸಮಯ) ದಿನಾಂಕ, ನಮ್ಮ ಬೆಳಗಿನ ಐದೂವರೆವರೆಗೆ ಹಿಂದಿನ ದಿನವೇ ತೋರಿಸುತ್ತೆ. ಸರ್ವರಿನಲ್ಲಿ ಏಷ್ಯಾ/ಕೋಲ್ಕತಾ ವಲಯ ಇಟ್ಟು ಅಲ್ಲೇ ಹೋಲಿಸಿ. ಇನ್ನೊಂದು, ಕ್ಯೂರಿಂಗಿಗೆ ಹೋದ ಲೋಡಿಗೆ ಸೇರಿದ ಲಾಟು. ಅದನ್ನು ಯಾಕೆ ಕೇಳ್ತೀರಿ? ಮೂಟೆ ಬೇರೆಯವರ ಮಾಲಿನ ಜೊತೆ ಸುರಿದಾಗಿದೆ, ಚೀಟಿ ರದ್ದಾದರೆ ಲೋಡಿನ ತೂಕಕ್ಕೂ ಔಟ್‌ಟರ್ನಿಗೂ (ಕ್ಯೂರಿಂಗ್ ಆಗಿ ಸಿಗೋ ಕಾಫಿಯ ಪ್ರಮಾಣ) ತಾಳೆ ಆಗಲ್ಲ. ಅಲ್ಲಿ ಬಟನ್ನೇ ಬೇಡ, 'ಲೋಡಿಗೆ ಸೇರಿದೆ' ಅಂತ ಬರೆದು ಬಿಡಿ. ಸರಿಪಡಿಸಬೇಕೆಂದರೆ ತಿದ್ದುಪಡಿ ಚೀಟಿ ಮಾಡಲಿ. ಎಂದೂ 'ಹೌದು' ಅನ್ನಬಾರದ ಪ್ರಶ್ನೆಯನ್ನು ಬಾಕ್ಸಿನಲ್ಲಿ ಕೇಳಿ ಏನು ಫಲ?


ಮಳೆಬಿಲ್ಲು, ಮೂಡಿಗೆರೆ:

ಒಂದು ಅನುಮಾನ. ಒತ್ತಿದ ಕ್ಷಣದಲ್ಲಿ ಫೆಚ್ ಮಾಡಿ ಸರ್ವರನ್ನೇ ಕೇಳಿದರೆ ಆಗಲ್ವಾ? 'ಇದಕ್ಕೆ ಕೇಳಬೇಕಾ' ಅಂತ. ಆಗ ಪಟ್ಟಿ ಹಳೇದಾಗೋ ಸಮಸ್ಯೆಯೇ ಇರಲ್ಲ.


ಭದ್ರಾ_ಬ್ಯಾಕೆಂಡ್, ತರೀಕೆರೆ:

ಕಡಿಮೆ ಆಗುತ್ತೆ, ಹೋಗಲ್ಲ. ಫೆಚ್ಚಿಗೆ ಉತ್ತರ ಬಂದು ಗುಮಾಸ್ತರು ಬಾಕ್ಸ್ ಓದಿ ಒತ್ತೋವರೆಗೆ ಮತ್ತೆ ಸಮಯ ಇದೆಯಲ್ಲ. ಸರ್ವರಿನ ಪರೀಕ್ಷೆ ಹೇಗೂ ಬೇಕು. ಅದು ಇದ್ದ ಮೇಲೆ ಈ ಫೆಚ್ ಹೆಚ್ಚುವರಿ. ಮಾಡೇ ಮಾಡ್ತೀನಿ ಅಂದರೆ ಒಂದು ಎಚ್ಚರ: ಹ್ಯಾಂಡ್ಲರ್ ಅಸಿಂಕ್ ಆದರೆ, ಪ್ರಿವೆಂಟ್‌ಡೀಫಾಲ್ಟನ್ನು ಮೊದಲ ಅವೇಟಿಗಿಂತ (ಉತ್ತರಕ್ಕೆ ಕಾಯೋ ಜಾಗ) ಮುಂಚೆಯೇ ಕರೆಯಬೇಕು. ಅವೇಟ್ ಆದ ಮೇಲೆ ಕರೆದರೆ ಫಾರ್ಮ್ ಆಗಲೇ ಹೊರಟಿರುತ್ತೆ. ಆನ್‌ಕ್ಲಿಕ್‌ನಲ್ಲಿ ಅಸಿಂಕ್ ಫಂಕ್ಷನ್ನನ್ನು ರಿಟರ್ನ್ ಮಾಡಿದರೂ ಮರಳೋದು ಪ್ರಾಮಿಸ್, ಫಾಲ್ಸ್ ಅಲ್ಲ, ಏನೂ ತಡೆಯಲ್ಲ. ತೋಟದ ಕಡೆ ನೆಟ್‌ವರ್ಕ್ ಒಂದು ಕಡ್ಡಿ ಇರೋ ಜಾಗದಲ್ಲಿ, ಒತ್ತಿ ಕಾದು ಏನೂ ಆಗಲಿಲ್ಲ ಅಂತ ಮತ್ತೆ ಒತ್ತುತ್ತಾರೆ, ಅದನ್ನೂ ನೋಡಿಕೊಳ್ಳಬೇಕು.


ಹೇಮಾವತಿ_ದಡ, ಹಾಸನ:

ಬಾಕ್ಸ್ ಹಾಕೋ ಹಂತಕ್ಕೆ ಬಂದಾಗ ಹಳೇ ಕನ್ಫರ್ಮ್ ಬಿಟ್ಟು ಡೈಲಾಗ್ ಎಲಿಮೆಂಟ್ ಬಳಸಿ. ಫೈರ್‌ಫಾಕ್ಸ್ 98, ಸಫಾರಿ 15.4 ಎರಡೂ 2022ರ ಮಾರ್ಚಿನಲ್ಲಿ ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರಿನಲ್ಲೂ ಇದೆ, ಕ್ರೋಮಿನಲ್ಲಿ ಎಷ್ಟೋ ಮೊದಲೇ ಇತ್ತು. ಕನ್ಫರ್ಮಿನ ಬಟನ್ನಿನ ಮೇಲಿನ ಬರಹ ಬ್ರೌಸರಿನದು, ಬದಲಾಯಿಸೋಕಾಗಲ್ಲ. ನಿಮ್ಮ ಪ್ರಶ್ನೆ 'ರದ್ದು ಮಾಡಲೇ?', ಎದುರಿಗೆ ಓಕೆ, ಕ್ಯಾನ್ಸಲ್. ರದ್ದು ಮಾಡಬೇಕಾದವರು ಕ್ಯಾನ್ಸಲ್ ಒತ್ತಿ ಆಯ್ತು ಅಂದುಕೊಳ್ಳುತ್ತಾರೆ. ಹೋಮ್‌ಸ್ಟೇ ಬುಕಿಂಗ್ ಸೈಟುಗಳಲ್ಲಿ ಇದು ಮಾಮೂಲಿ ಗಲಾಟೆ. ಡೈಲಾಗಿನಲ್ಲಿ 'ಚೀಟಿ ತೆಗೆದುಹಾಕು', 'ಹಾಗೇ ಇರಲಿ' ಅಂತ ನೀವೇ ಬರೆಯಬಹುದು. 'ಹಾಗೇ ಇರಲಿ'ಗೆ ಆಟೋಫೋಕಸ್ ಕೊಡಿ. ಎಂಟರ್ ಮೇಲೆ ಎಂಟರ್ ಒತ್ತೋ ಕೈಗೆ ಅದೇ ಮದ್ದು.

ಸಂದೇಶದಲ್ಲಿ 'ಖಚಿತವೇ?' ಅನ್ನೋದು ವ್ಯರ್ಥ ಮಾತು. 'ಈ ಚೀಟಿಗೆ ₹18,000 ಮುಂಗಡ ಹೋಗಿದೆ. ತೆಗೆದರೆ ಮುಂಗಡ ಬೆಳೆಗಾರರ ಖಾತೆಯಲ್ಲಿ ಬಾಕಿ ನಿಲ್ಲುತ್ತೆ' ಅಂತ ಕಾರಣ, ಮೊತ್ತ, ಪರಿಣಾಮ ಬರೆಯಿರಿ. ಆ ವಾಕ್ಯ ಭದ್ರಾ ಅವರು ಹೇಳಿದ ಫಂಕ್ಷನ್ನಿನಿಂದಲೇ ಬರಲಿ. ಅದನ್ನು ಡೈಲಾಗಿಗೆ ಹಾಕುವಾಗ ಟೆಕ್ಸ್ಟ್‌ಕಂಟೆಂಟ್ ಬಳಸಿ, ಇನ್ನರ್‌ಎಚ್‌ಟಿಎಂಎಲ್ ಅಲ್ಲ.

ಕೆಲಸದ ಕ್ರಮ: ಸಬ್ಮಿಟ್ ಬಂತು, ಬಟನ್ನಿನಲ್ಲಿ ಆಟ್ರಿಬ್ಯೂಟ್ ಇದೆ, ಪ್ರಿವೆಂಟ್‌ಡೀಫಾಲ್ಟ್, ಸಂದೇಶ ತುಂಬಿ ಶೋಮೋಡಲ್. ಡೈಲಾಗಿನ ಒಳಗೆ 'ಮೆಥಡ್ ಡೈಲಾಗ್' ಇರುವ ಚಿಕ್ಕ ಫಾರ್ಮು, ಎರಡು ಬಟನ್ನು. ಕ್ಲೋಸ್ ಈವೆಂಟಿನಲ್ಲಿ ರಿಟರ್ನ್‌ವ್ಯಾಲ್ಯೂ 'ತೆಗೆ' ಆಗಿದ್ದರೆ ಒಪ್ಪಿದ ಕಾರಣಗಳನ್ನು ಹಿಡನ್ ಫೀಲ್ಡಿಗೆ ಹಾಕಿ, ರಿಕ್ವೆಸ್ಟ್‌ಸಬ್ಮಿಟ್‌ಗೆ ಅದೇ ಬಟನ್ ಕೊಟ್ಟು ಕಳಿಸಿ. ಬರೀ ಸಬ್ಮಿಟ್ ಮೆಥಡ್ ಕರೆದರೆ ಬಟನ್ನಿನ ನೇಮ್, ವ್ಯಾಲ್ಯೂ ಹೋಗಲ್ಲ, ಸರ್ವರಿಗೆ ಯಾವ ಚೀಟಿ ಅಂತಲೇ ಗೊತ್ತಾಗಲ್ಲ. ರಿಕ್ವೆಸ್ಟ್‌ಸಬ್ಮಿಟ್ ಮತ್ತೆ ಸಬ್ಮಿಟ್ ಈವೆಂಟ್ ಎಬ್ಬಿಸುತ್ತೆ, ಆದ್ದರಿಂದ 'ಈಗ ಕೇಳಿಯಾಯ್ತು' ಅಂತ ಒಂದು ಫ್ಲಾಗ್ ಬೇಕು, ಇಲ್ಲದಿದ್ದರೆ ಬಾಕ್ಸ್ ಮತ್ತೆ ಮತ್ತೆ ಏಳುತ್ತೆ.

ಇಲ್ಲಿ ಎಲ್ಲರೂ ಎಡವೋ ಜಾಗ ರಿಟರ್ನ್‌ವ್ಯಾಲ್ಯೂ. ಅದು ತಾನಾಗಿ ಅಳಿಯಲ್ಲ. ಒಂದು ಚೀಟಿಗೆ 'ತೆಗೆ' ಒತ್ತಿ, ಪುಟ ಮರುಲೋಡ್ ಆಗದ ಅಪ್ಲಿಕೇಶನ್ನಿನಲ್ಲಿ ಮುಂದಿನ ಚೀಟಿಗೆ ಎಸ್ಕೇಪ್ ಒತ್ತಿದರೆ, ರಿಟರ್ನ್‌ವ್ಯಾಲ್ಯೂ ಇನ್ನೂ 'ತೆಗೆ'. ಬೇಡ ಅಂದ ಚೀಟಿಯೂ ಹೋಗುತ್ತೆ. ಪ್ರತಿ ಸಲ ಶೋಮೋಡಲ್ಲಿಗೆ ಮುಂಚೆ ಅದನ್ನು ಖಾಲಿ ಮಾಡಿ. ಪಟ್ಟಿ ತಾನಾಗೇ ರಿಫ್ರೆಶ್ ಆಗೋ ಹಾಗಿದ್ದರೆ ಡೈಲಾಗ್ ತೆರೆದಿರುವಾಗ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಆ ಬಟನ್ ಡಾಮಿನಿಂದ ಹೋಗಿ ರಿಕ್ವೆಸ್ಟ್‌ಸಬ್ಮಿಟ್ ಎರರ್ ಎಸೆಯುತ್ತೆ.

ಕೇಳದೇ ಹೋಗೋ ಚೀಟಿಗಳಿಗೆ ಸಾಲು ಅಳಿಸಬೇಡಿ, ರದ್ದಾದ ಸಮಯದ ಕಾಲಮ್ ತುಂಬಿ, 303 ಆದ ಮೇಲಿನ ಪುಟದಲ್ಲಿ 'ವಾಪಸ್ ತರು' ಅಂತ ಒಂದು ಬಟನ್ ಇಡಿ. ಅದೂ ಪೋಸ್ಟ್.


ಕಾಫಿಕಣ, ಚಿಕ್ಕಮಗಳೂರು:

ಲೋಡಿಗೆ ಸೇರಿದ್ದಕ್ಕೆ ಬಟನ್ ತೆಗೆಯೋದು ಸರಿ ಅನ್ನಿಸ್ತು, ಆಫೀಸಿನವರೂ ಒಪ್ಪಿದರು. ಕೊನೆಯ ಪ್ರಶ್ನೆ: ಡೈಲಾಗಿಗೆ ಹೋಗೋ ತನಕ ಹಳೇ ಕನ್ಫರ್ಮ್ ಕೆಲವು ಪುಟದಲ್ಲಿ ಇರುತ್ತೆ. ಅದಕ್ಕೆ ಆಟೋಮ್ಯಾಟಿಕ್ ಟೆಸ್ಟ್ ಬರೆಯುವಾಗ ಪ್ಲೇರೈಟ್ ಅನ್ನೋ ಟೆಸ್ಟ್ ಸಾಧನದಲ್ಲಿ ರದ್ದು ಆಗೋದೇ ಇಲ್ಲ, ಬಾಕ್ಸೂ ಕಾಣಲ್ಲ.


ಬಿಸಿಲೆಘಾಟಿ, ಸಕಲೇಶಪುರ:

ಪ್ಲೇರೈಟ್ ಡೈಲಾಗಿಗೆ ಯಾರೂ ಕಿವಿಗೊಡದಿದ್ದರೆ ತಾನೇ ಬೇಡ ಅಂದು ಮುಚ್ಚುತ್ತೆ, ಕನ್ಫರ್ಮ್ ಫಾಲ್ಸ್ ಆಗುತ್ತೆ. ಕ್ಲಿಕ್ಕಿಗಿಂತ ಮುಂಚೆ ಪೇಜಿನ 'ಡೈಲಾಗ್' ಈವೆಂಟಿಗೆ ಲಿಸನರ್ ಹಾಕಿ ಆಕ್ಸೆಪ್ಟ್ ಮಾಡಿ. ಲಿಸನರ್ ಹಾಕಿ ಅದರಲ್ಲಿ ಆಕ್ಸೆಪ್ಟೂ ಡಿಸ್ಮಿಸ್ಸೂ ಮಾಡದಿದ್ದರೆ ಟೆಸ್ಟ್ ಅಲ್ಲೇ ನಿಲ್ಲುತ್ತೆ. ಸೈಪ್ರೆಸ್ ಅನ್ನೋ ಇನ್ನೊಂದು ಟೆಸ್ಟ್ ಸಾಧನ ಇದಕ್ಕೆ ತಿರುಗಾಮುರುಗಾ, ತಾನಾಗೇ ಹೌದು ಅನ್ನುತ್ತೆ, ಹಾಗಾಗಿ ಅಲ್ಲಿ ಬಾಕ್ಸ್ ಬಂದೇ ಇಲ್ಲದಿದ್ದರೂ ಟೆಸ್ಟ್ ಪಾಸ್. ಯಾವುದರಲ್ಲೇ ಬರೆದರೂ ಬಾಕ್ಸ್ ಬಂತಾ, ಅದರ ಸಂದೇಶ ಏನು ಅನ್ನೋದನ್ನೂ ಪರೀಕ್ಷಿಸಿ. ಸೊನ್ನೆ ಮುಂಗಡದ ಚೀಟಿಗೆ ಬರಲಿಲ್ಲ ಅನ್ನೋದಕ್ಕೆ ಒಂದು ಟೆಸ್ಟು, ಡಿ'ಸೋಜಾ ಹೆಸರಿಗೆ ಒಂದು. ಹಳೇ ಪಟ್ಟಿ ತೆರೆದಿಟ್ಟುಕೊಂಡು ಹಿಂದಿನಿಂದ ಡೇಟಾಬೇಸಿನಲ್ಲಿ ಮುಂಗಡ ಸೇರಿಸಿ, ಆಮೇಲೆ ರದ್ದು ಒತ್ತಿ 409 ಪುಟ ಬರುತ್ತಾ ನೋಡೋದು ಇನ್ನೊಂದು.